ವೈಫೈ ಡ್ರೈವರ್ ಯಾವ ಮಾತನ್ನು ಬರೆದಿಡಬೇಕು?

ಟಿ. ನರಸೀಪುರದಲ್ಲಿ ಕೇಂದ್ರ ಜಲ ಆಯೋಗದವರು ಕಪಿಲಾ (ಕಬಿನಿ) ನದಿಯ ಮಟ್ಟ ಅಳೆಯುತ್ತಾರೆ. ಅಳತೆಯೆಲ್ಲ ದಾಖಲಾಗುತ್ತದೆ. ನದಿ ದಂಡೆಯ ಊರಿನಲ್ಲಿ ಮೈಕು ಕೂಗುವುದು ಮಾತ್ರ ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟು, ನಂಜನಗೂಡಿನ ಸ್ನಾನಘಟ್ಟಕ್ಕೆ ಇಳಿಯಬೇಡಿ ಎನ್ನಬೇಕಾದಾಗ. ದಿನವಿಡೀ ಅಳತೆ ಕೂಗಿದರೆ ನಿಜವಾದ ಎಚ್ಚರಿಕೆಗೆ ಯಾರು ಕಿವಿಗೊಟ್ಟಾರು? ಲಿನಕ್ಸ್‌ಗೆ ವೈಫೈ ಡ್ರೈವರ್, ಅಂದರೆ ವೈಫೈ ಚಿಪ್ಪನ್ನು ನಡೆಸುವ ತಂತ್ರಾಂಶ, ಬರೆಯುವವರ ಮುಂದೆಯೂ ಇದೇ ಪ್ರಶ್ನೆಯಿದೆ.

ವೈಫೈ ಚಿಪ್ಪಿನೊಳಗೆ ಪುಟ್ಟ ಪ್ರೊಸೆಸರ್ ಇರುತ್ತದೆ. ಅದರಲ್ಲಿ ಓಡುವ ತಂತ್ರಾಂಶವೇ ಫರ್ಮ್‌ವೇರ್. ಸಾಮಾನ್ಯವಾಗಿ ಚಿಪ್ ಕಂಪನಿ ಅದರ ಮೂಲ ಕೋಡ್ ಕೊಡುವುದಿಲ್ಲ. ಹಾಗಾಗಿ ಒಳಗೇನಾಯಿತು ಎಂದು ತಿಳಿಯಲು ಫರ್ಮ್‌ವೇರ್ ತಾನಾಗಿ ಹೇಳಿದ್ದೇ ಆಧಾರ. ಅದು ಹೇಳುವುದೋ ಬಹಳ. ರೂಟರ್ ತಾನಿದ್ದೇನೆಂದು ಸಾರುವ ಬೀಕನ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 10 ಬಾರಿ ಬರುತ್ತದೆ. ಗೋಡೆ ಅಡ್ಡ ಬಂದರೆ ಒಂದೆರಡು ತಪ್ಪುತ್ತವೆ, ಅದು ದೋಷವಲ್ಲ. ತಪ್ಪಿದ್ದಕ್ಕೆಲ್ಲ ಡ್ರೈವರ್ ಒಂದೊಂದು ಸಾಲು ಬರೆದರೆ, ಲಿನಕ್ಸಿನ ತಿರುಳಾದ ಕರ್ನಲ್ ತನ್ನ ಸಂದೇಶಗಳನ್ನು ಇಟ್ಟುಕೊಳ್ಳುವ ಲಾಗ್ ತುಂಬಿಹೋಗುತ್ತದೆ. ಜಾಗ ಮುಗಿದಾಗ ಅಲ್ಲಿ ಹೊಸ ಸಾಲು ಹಳೆಯದನ್ನು ಅಳಿಸುತ್ತದೆ. ಡಿಸ್ಕ್ ಕೆಡುತ್ತಿದೆ ಎಂಬ ಸಾಲಿದ್ದರೆ ಅದೂ ಹೋಯಿತು.

ಕರ್ನಲ್ ಸಂದೇಶಗಳಿಗೆ 0ಯಿಂದ 7ರವರೆಗೆ ದರ್ಜೆಗಳಿವೆ: 3 ದೋಷ, 4 ಎಚ್ಚರಿಕೆ, 6 ಮಾಹಿತಿ, 7 ಡೀಬಗ್. ಫರ್ಮ್‌ವೇರ್ ದೋಷ ಎಂದ ಮಾತ್ರಕ್ಕೆ ಡ್ರೈವರ್ ಒಪ್ಪಬೇಕಿಲ್ಲ. ಈ ಸಾಲು ಓದಿದವರು ಏನಾದರೂ ಮಾಡಬಲ್ಲರೇ ಎಂದು ಕೇಳಿಕೊಂಡು ದರ್ಜೆ ಕೊಡುವುದರಲ್ಲೇ ಕಸುಬುದಾರಿಕೆ ಇರುವುದು.

ಬ್ರಾಡ್‌ಕಾಮ್ ಚಿಪ್‌ಗಳ ಬಿಆರ್‌ಸಿಎಂ‌ಎಫ್‌ಮ್ಯಾಕ್ ಡ್ರೈವರ್ ಇದನ್ನು ಬಗೆಹರಿಸಿದ ರೀತಿ ನನಗೆ ಬಲು ಮೆಚ್ಚು. ಅಲ್ಲಿ ಫರ್ಮ್‌ವೇರ್ ತನ್ನ ಮಾತುಗಳನ್ನು ಚಿಪ್ಪಿನ ಮೆಮೊರಿಯಲ್ಲೇ ಬರೆದುಕೊಳ್ಳುತ್ತದೆ. ಡೀಬಗ್ ಹಾಕದ ಹೊರತು ಅವು ಲಾಗಿಗೆ ಬರುವುದಿಲ್ಲ. ಆದರೆ 2019ರಲ್ಲಿ ಸೇರಿಸಿದ ತಿದ್ದುಪಡಿಯಿಂದಾಗಿ, ಪಿಸಿಐಇ ಮೂಲಕ ಜೋಡಿಸಿದ ಚಿಪ್‌ಗಳಲ್ಲಿ ಫರ್ಮ್‌ವೇರ್ ಕುಸಿದುಬಿದ್ದರೆ ಅದು ಕೊನೆಗೆ ಆಡಿದ ಮಾತುಗಳನ್ನೆಲ್ಲ ಡ್ರೈವರ್ ತಾನೇ ಎತ್ತಿ ಲಾಗಿಗೆ ಹಾಕುತ್ತದೆ. ಎಲ್ಲ ಸರಿಯಿದ್ದಾಗ ಮೌನ, ಕುಸಿದಾಗ ಪೂರ್ತಿ ಹೇಳಿಕೆ. ಬಳಕೆದಾರ ಮೊದಲೇ ಯಾವ ಸ್ವಿಚ್ಚನ್ನೂ ಒತ್ತಿರಬೇಕಿಲ್ಲ. ಯಾವಾಗಲೋ ಒಮ್ಮೆ ಬರುವ ತೊಂದರೆಯನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಒಂದೇ ದೂರು ಮತ್ತೆ ಮತ್ತೆ ಬಂದರೆ ತಡೆಯುವ ಏರ್ಪಾಡೂ ಕರ್ನಲ್ಲಿನಲ್ಲಿದೆ. ಮೂಲ ಮಿತಿ 5 ಸೆಕೆಂಡಿಗೆ 10 ಸಾಲು. ಉಳಿದವನ್ನು ತಡೆಹಿಡಿದು, ಎಷ್ಟನ್ನು ತಡೆದೆನೆಂಬ ಲೆಕ್ಕ ಕೊಡುತ್ತದೆ. ಲೆಕ್ಕ ಕೊಡುವುದು ಮುಖ್ಯ. ಇಲ್ಲದಿದ್ದರೆ ಸಾವಿರ ಸಲ ಆದದ್ದು ಹತ್ತೇ ಸಲ ಆದಂತೆ ಕಾಣುತ್ತದೆ.

ನಿಮ್ಮ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ವೈಫೈ ಕಡಿದುಹೋದರೆ ಕೂಡಲೇ ರೀಸ್ಟಾರ್ಟ್ ಮಾಡಬೇಡಿ. ಮೊದಲು ಟರ್ಮಿನಲ್ಲಿನಲ್ಲಿ ಡಿಎಂಇಎಸ್‌ಜಿ ಆಜ್ಞೆ ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಸಂಪರ್ಕ ಕಡಿದ ಕಾರಣದ ಸಂಖ್ಯೆ ಅನೇಕ ಸಲ ಅಲ್ಲಿರುತ್ತದೆ. 4 ಇದ್ದರೆ ಬಹಳ ಹೊತ್ತು ಸದ್ದಿಲ್ಲದ್ದರಿಂದ ರೂಟರ್ ಬಿಟ್ಟುಬಿಟ್ಟಿದೆ. 15 ಇದ್ದರೆ ಪಾಸ್‌ವರ್ಡ್ ಸರಿಯಿದೆಯೇ ನೋಡಿ. ಯಾರನ್ನಾದರೂ ಸಹಾಯ ಕೇಳುವಾಗ ಆ ಸಾಲುಗಳನ್ನು ಒಂದನ್ನೂ ಬಿಡದೆ ಕಳುಹಿಸಿ.