ಆಳನ್ನು ಅಳೆಯುವ ಮುನ್ನ

ಮಾವಿನ ಕಾಲದಲ್ಲಿ ನಮ್ಮ ಶ್ರೀನಿವಾಸಪುರಕ್ಕೆ ಬಂದು ನೋಡಿ. ಮಂಡಿಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಲಾರಿಯಿಂದ ಕಾಯಿ ಇಳಿಸುವವರು ಕೆಲವರು; ಕುಳಿತು ಬಾದಾಮಿ, ತೋತಾಪುರಿಗಳನ್ನು ಆಯುವವರು ಕೆಲವರು; ತೂಗುವವರು, ತುಂಬುವವರು, ಲೆಕ್ಕ ಬರೆಯುವವರು ಬೇರೆ. ಹೊರಗಿನವರಿಗೆ ಇದೆಲ್ಲವೂ 'ಮಂಡಿ ಕೆಲಸ' ಎಂಬ ಒಂದೇ ಹೆಸರು. ಆ ಒಂದು ಹೆಸರಿನಿಂದ ಆಗುವ ಅನ್ಯಾಯವೊಂದುಂಟು.

ಪೋಲಿಯೋದಿಂದ ಒಂದು ಕಾಲು ಸೊರಗಿದ್ದ ಶಿಷ್ಯನೊಬ್ಬ ನನಗಿದ್ದ. ಅಕ್ಷರ ಮುತ್ತಿನಂತೆ, ಲೆಕ್ಕದಲ್ಲಿ ತಪ್ಪೆಂಬುದಿಲ್ಲ. ಖಾತೆ ಬರೆಯುವವರು ಬೇಕೆಂದಿದ್ದ ಒಬ್ಬ ವ್ಯಾಪಾರಸ್ಥರ ಬಳಿಗೆ ಅವನನ್ನು ಕರೆದುಕೊಂಡು ಹೋದೆ. ಅವರು ಊರುಗೋಲನ್ನು ನೋಡಿ, "ಇಲ್ಲಿ ಓಡಾಟದ ಕೆಲಸ, ಮೇಷ್ಟ್ರೇ. ಪಾಪ, ಹುಡುಗನಿಗೇಕೆ ತೊಂದರೆ?" ಎಂದರು. ಖಾತೆ ಬರೆಯುವುದು ಕುಳಿತು ಮಾಡುವ ಕೆಲಸವಲ್ಲವೆ? ಆದರೆ ಅವರೊಬ್ಬರನ್ನೇ ದೂರಲಾರೆ. ಶಾಲೆಯಲ್ಲಿ ಹಾಜರಿ ಪುಸ್ತಕ ತರಲು ಸಹ 'ಪಾಪ'ವೆಂದು ಅವನನ್ನು ಬಿಟ್ಟು ಬೇರೆ ಹುಡುಗರನ್ನು ಕಳುಹಿಸುತ್ತಿದ್ದವನು ನಾನೇ. ತಿರಸ್ಕಾರಕ್ಕಿಂತ ಹೆಚ್ಚಾಗಿ ಇಂಥ ಕನಿಕರವೇ ಬಾಗಿಲು ಮುಚ್ಚುತ್ತದೆ.

ಕೆಲಸ ಕೊಡುವವರ ಅಳುಕುಗಳು ಮುಖ್ಯವಾಗಿ ಮೂರು: ಕೆಲಸ ನಿಧಾನವಾದೀತು, ಅಪಘಾತವಾದೀತು, ಖರ್ಚು ಹೆಚ್ಚೀತು. ಇವು ನಿಜವೋ ಭ್ರಮೆಯೋ ಎಂಬುದು ಕೆಲಸವನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ. ಅಮೆರಿಕದ ಹೆನ್ರಿ ಫೋರ್ಡ್ ತನ್ನ ಮೋಟಾರು ಕಾರ್ಖಾನೆಯಲ್ಲಿ ಹಾಗೆ ಮಾಡಿಸಿ, ಅದರ ಫಲವನ್ನು 1922ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಕೊಟ್ಟಿದ್ದಾನೆ. ಅಲ್ಲಿದ್ದ 7,882 ಬಗೆಯ ಕೆಲಸಗಳಲ್ಲಿ 2,637ನ್ನು ಒಂದೇ ಕಾಲುಳ್ಳವರೂ, 670ನ್ನು ಎರಡೂ ಕಾಲಿಲ್ಲದವರೂ, 715ನ್ನು ಒಂದೇ ಕೈಯುಳ್ಳವರೂ, 10ನ್ನು ಕುರುಡರೂ ಮಾಡಬಹುದೆಂದು ಕಂಡುಬಂದಿತು. ಫೋರ್ಡನು ಎಣಿಸಿದ್ದು ಆಳಿನ ಕೊರತೆಯನ್ನಲ್ಲ, ಕೆಲಸದ ಅಗತ್ಯವನ್ನು.

ನಮ್ಮ ನಾಡಿನಲ್ಲೂ ಈ ದಾರಿ ತೋರಿದವರಿದ್ದಾರೆ. ಸ್ವತಃ ಪೋಲಿಯೋಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಘವನ್ನು ಸ್ಥಾಪಿಸಿದರು. ಕೈಗೆ ಕಸುಬು ಕಲಿಸುವುದು ಆ ಸಂಘದ ಮುಖ್ಯ ಕಾರ್ಯಗಳಲ್ಲೊಂದಾಯಿತು. ಅದೇ ನಗರದಲ್ಲಿ 2006ರಲ್ಲಿ ಆರಂಭವಾದ ವಿಂಧ್ಯ ಎಂಬ ಸಂಸ್ಥೆಯಲ್ಲಿ ಕಂಪ್ಯೂಟರ್ ಮತ್ತು ದೂರವಾಣಿ ಕೆಲಸ ಮಾಡುವವರಲ್ಲಿ ಬಹುಪಾಲು ಅಂಗವಿಕಲರೇ.

ಕಾಯಿದೆಯೂ ಬೆಂಬಲಕ್ಕಿದೆ. 1995ರ ಕಾಯಿದೆಯಲ್ಲಿ ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ 3ರಷ್ಟಿದ್ದ ಮೀಸಲಾತಿಯನ್ನು 2016ರ ಕಾಯಿದೆ 4ಕ್ಕೆ ಏರಿಸಿತು. 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ತಕ್ಕ ಅನುಕೂಲಗಳನ್ನು ಒದಗಿಸಬೇಕೆಂಬ ತತ್ತ್ವವನ್ನೂ ಮುಂದಿಟ್ಟಿತು. ಈ ಅನುಕೂಲವೆಂದರೆ ಎಷ್ಟೋ ವೇಳೆ ಮೆಟ್ಟಿಲ ಪಕ್ಕಕ್ಕೊಂದು ಇಳಿಜಾರು, ಎತ್ತರಕ್ಕೆ ಸರಿಯಾದ ಒಂದು ಮೇಜು, ಕಿವಿ ಕೇಳದವರಿಗೆ ಬರೆದು ತೋರಿಸುವ ಒಂದು ಹಲಗೆ, ಇಷ್ಟೇ. ಆದರೆ ಕಾಯಿದೆ ಹುದ್ದೆಯನ್ನು ಕಾದಿರಿಸೀತು. ಯಜಮಾನನ ಕಣ್ಣನ್ನು ತಿದ್ದಲಾರದು.

'ವಿಕಲ' ಎಂಬ ಮಾತಿಗೆ ಒಂದು ಭಾಗ ಕಡಿಮೆಯಾದದ್ದು ಎಂದಷ್ಟೇ ಅರ್ಥ. ಉಳಿದ ಭಾಗವೆಲ್ಲ ಪೂರ್ಣವಾಗಿಯೇ ಇದೆಯೆಂಬುದನ್ನು ನಾವು ಮರೆಯುತ್ತೇವೆ. ನಿಮ್ಮ ಅಂಗಡಿಗೋ ಕಚೇರಿಗೋ ಜನ ಬೇಕಾದಾಗ, ಆ ಕೆಲಸಕ್ಕೆ ಯಾವ ಯಾವ ಅಂಗ ಬೇಕೆಂಬುದನ್ನು ಮೊದಲು ಒಂದು ಕಾಗದದಲ್ಲಿ ಬರೆಯಿರಿ. ಬಂದವರ ಕಡೆಗೆ ಆಮೇಲೆ ನೋಡಿ. ಖಾತೆ ಪುಸ್ತಕವನ್ನು ಅವರ ಮುಂದಿಟ್ಟು ಒಂದು ಪುಟ ಬರೆಸಿ. ನನ್ನ ಶಿಷ್ಯನಿಗೆ ಬೇಕಾಗಿದ್ದುದು ಆ ಒಂದು ಪುಟವಷ್ಟೆ.