ಹೆಸರು ಅದೇ, ಮನೆ ಬೇರೆ

ನಮ್ಮ ಮಂಗಳೂರಿಗೆ ಎಷ್ಟು ಹೆಸರುಗಳು! ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಭಾಷೆಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಳಾಪುರಂ. ಯಾವ ಹೆಸರು ಹೇಳಿ ಬಸ್ಸು ಹತ್ತಿದರೂ ಇಳಿಯುವುದು ಒಂದೇ ಊರಿನಲ್ಲಿ. ಇಂಗ್ಲಿಷಿನವರ ‘ಮ್ಯಾಂಗಲೋರ್’ 2014ರ ನವೆಂಬರ್ 1ರಂದು ಅಧಿಕೃತವಾಗಿ ‘ಮಂಗಳೂರು’ ಆಯಿತು. ಹಾಗೆಂದು ಹಳೆಯ ಹೆಸರು ಬರೆದ ಕಾಗದ ದಾರಿ ತಪ್ಪಲಿಲ್ಲ.

ಇಂಟರ್ನೆಟ್ಟಿನಲ್ಲೂ ಇಂಥದೇ ಏರ್ಪಾಡು ಉಂಟೆಂದು ನನಗೆ ಗೊತ್ತಾದದ್ದು ಕಳೆದ ಮಳೆಗಾಲದಲ್ಲಿ.

ನಮ್ಮ ಯಜಮಾನರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಅವರು ಹೋದ ಮೇಲೆ ಮಗ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ನಮ್ಮ ಮನೆಯ ಹೆಸರಿನಲ್ಲೇ ಒಂದು ವೆಬ್ ವಿಳಾಸ ಕೊಂಡು, ಅದರಲ್ಲಿ ಹಾಕಿದ. ವರ್ಷಾಂತಿಕದ ದಿನ ಆ ವಿಳಾಸವನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿ ನೆಂಟರಿಗೆಲ್ಲ ಹಂಚಿದ್ದೆವು. ಒಂದು ಬೆಳಿಗ್ಗೆ ಮುಂಬಯಿಯಿಂದ ನಾದಿನಿಯ ಫೋನು: “ಅತ್ತಿಗೆ, ಅಣ್ಣನ ಸ್ವರ ಕೇಳುವ ಅಂತ ನೋಡಿದರೆ ಎಂತದೂ ಬರುವುದಿಲ್ಲ!” ನನ್ನ ಎದೆ ಧಸಕ್ಕೆಂದಿತು.

ಆದದ್ದಿಷ್ಟು. ಆ ಧ್ವನಿಗಳನ್ನು ಇಟ್ಟುಕೊಂಡಿದ್ದ ಕಂಪೆನಿ ತನ್ನ ಆ ಸೇವೆಯನ್ನೇ ಮುಚ್ಚಿತ್ತು. ಪುಣ್ಯಕ್ಕೆ ಇನ್ನೊಂದು ಪ್ರತಿ ಮನೆಯಲ್ಲಿತ್ತು. ಮಗ ಅದನ್ನು ಬೇರೆ ಕಂಪೆನಿಯಲ್ಲಿ ಹಾಕಿದ. ಆದರೆ ಹಂಚಿದ ಕಾರ್ಡುಗಳ ಗತಿ? “ಎಲ್ಲರಿಗೂ ಹೊಸ ವಿಳಾಸ ಬರೆಯಬೇಕಾ ಮಗಾ?” ಎಂದೆ. ಒಂಬತ್ತನೇ ತರಗತಿಯ ಮೊಮ್ಮಗಳು ನಕ್ಕಳು. “ಬೇಡ ಅಜ್ಜಿ. ಸಿನೇಮ್‌ನಲ್ಲಿ ಒಂದು ಸಾಲು ಬದಲಿಸಿದರೆ ಸಾಕು.”

ಸಿನೇಮ್ ಅಂದರೆ ಎಂತ? ಅವಳು ಹೇಳಿದ್ದನ್ನೇ ಹೇಳುತ್ತೇನೆ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕೆಗಳಿಂದ. ಮನುಷ್ಯರಿಗೆ ಅಂಕೆ ನೆನಪಿರುವುದಿಲ್ಲ, ಹೆಸರು ಬೇಕು. ಮೊದಲು ಎಲ್ಲ ಹೆಸರುಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದು, ಕ್ಯಾಲಿಫೋರ್ನಿಯದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇಡುತ್ತಿದ್ದರಂತೆ. ಕಂಪ್ಯೂಟರುಗಳು ಹೆಚ್ಚಿದಂತೆ ಆ ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಡಿಎನ್‌ಎಸ್ ಎಂಬ ವ್ಯವಸ್ಥೆ ರೂಪಿಸಿದರು. ಇದರಲ್ಲಿ ಒಂದು ದೊಡ್ಡ ಪಟ್ಟಿ ಇಲ್ಲ. ಅವರವರ ಹೆಸರಿನ ಲೆಕ್ಕವನ್ನು ಅವರವರೇ ಇಟ್ಟುಕೊಳ್ಳುತ್ತಾರೆ.

ಆ ಲೆಕ್ಕದ ಪುಸ್ತಕದಲ್ಲಿ ಎರಡು ಬಗೆಯ ಸಾಲು ನೋಡಿ. ‘ಎ’ ಎಂಬ ಸಾಲು ಹೆಸರಿನ ಮುಂದೆ ನೇರವಾಗಿ ಅಂಕೆ ಬರೆಯುತ್ತದೆ. ಸಿನೇಮ್ ಸಾಲು ಅಂಕೆ ಹೇಳುವುದಿಲ್ಲ. “ನನ್ನ ನಿಜವಾದ ಹೆಸರು ಬೇರೆ ಉಂಟು, ಅಲ್ಲಿ ಹೋಗಿ ಕೇಳಿ” ಎನ್ನುತ್ತದೆ. ಕುಡ್ಲ ಎಲ್ಲಿ ಎಂದರೆ ‘ಮಂಗಳೂರು ಎಂದು ನೋಡಿ’ ಎಂದ ಹಾಗೆ. ನಮ್ಮ ಕಾಲದವರಿಗೆ ಇದು ಹೊಸತಲ್ಲ. ಮನೆ ಬದಲಿಸಿದಾಗ ಅಂಚೆ ಕಚೇರಿಗೆ ಬರೆದು ಕೊಟ್ಟರೆ ಹಳೆಯ ವಿಳಾಸದ ಕಾಗದ ಹೊಸ ಮನೆಗೆ ಬರುತ್ತಿತ್ತಲ್ಲ!

ಇದಕ್ಕೆ ಕೆಲವು ನಿಯಮಗಳೂ ಉಂಟು. ಸಿನೇಮ್ ಬರೆದ ಹೆಸರಿಗೆ ಅಂಕೆ, ಇಮೇಲ್ ದಾರಿ ಇಂಥ ಬೇರೆ ಸಾಲು ಸೇರಿಸುವಂತಿಲ್ಲ. ಆದ್ದರಿಂದ ನಾವು ಕೊಂಡ ಮೂಲ ಹೆಸರಿಗೇ ಸಿನೇಮ್ ಹಾಕಲಾಗದು; ಅದಕ್ಕೆ ಬೇರೆ ಸಾಲುಗಳು ಇರಲೇಬೇಕು. ನಮ್ಮದರಲ್ಲಿ ಮನೆಯ ಹೆಸರಿನ ಮುಂದೆ ‘ಅರ್ಥ’ ಎಂಬ ಪದ ಸೇರಿಸಿ, ಅದಕ್ಕೆ ಸಿನೇಮ್ ಕೊಟ್ಟಿದ್ದರು. ‘ಅವನನ್ನು ಕೇಳು’ ಎಂದು ಇವನು, ‘ಇವನನ್ನು ಕೇಳು’ ಎಂದು ಅವನು ಹೇಳಿದರೂ ಆಗದು. ಹೋದವರು ಸುತ್ತುತ್ತಲೇ ಇರಬೇಕಾಗುತ್ತದೆ.

ಸಂಜೆ ಮಗ ಬಂದು ಆ ಸಾಲು ತಿದ್ದಿದ. ಹೊಸ ಕಂಪೆನಿಗೂ “ಈ ಹೆಸರು ಕೇಳಿ ಬಂದವರನ್ನು ಒಳಗೆ ಬಿಡಿ” ಎಂದು ತಿಳಿಸಿದ. ಆದರೂ ಕೂಡಲೇ ತೆರೆಯಲಿಲ್ಲ. ಬೇರೆ ಬೇರೆ ಕಡೆಯ ಕಂಪ್ಯೂಟರುಗಳು ಹಳೆಯ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ. ನಮ್ಮ ಸಾಲಿನಲ್ಲಿ 3600 ಸೆಕೆಂಡು ಎಂದಿತ್ತು, ಅಂದರೆ ಒಂದು ಗಂಟೆ.

ಕಾಯುವಾಗ ಮೊಮ್ಮಗಳು ಇನ್ನೊಂದು ಮಾತು ಹೇಳಿದಳು. “ಅಜ್ಜಿ, ಹಳೆಯ ಸಾಲನ್ನು ಹಾಗೇ ಬಿಟ್ಟಿದ್ದರೆ ಅಪಾಯ ಇತ್ತು. ಖಾಲಿಯಾದ ಜಾಗವನ್ನು ಬೇರೆ ಯಾರಾದರೂ ಹಿಡಿದುಕೊಂಡರೆ, ನಮ್ಮ ಹೆಸರು ನಂಬಿ ಬಂದವರು ಅವರ ಮನೆಗೆ ಹೋಗುತ್ತಿದ್ದರು.” ಮೋಸಗಾರರು ಇಂಥ ಬಿಟ್ಟ ಸಾಲುಗಳನ್ನೇ ಹುಡುಕುವುದುಂಟಂತೆ. ಹಾಗಾಗಿ ವೆಬ್ ವಿಳಾಸ ಇರುವ ಸಂಘ, ಶಾಲೆ, ಅಂಗಡಿಯವರಿಗೆ ನನ್ನದೊಂದು ಮಾತು: ಆಗಾಗ ಆ ಪುಸ್ತಕ ತೆರೆದು ನೋಡಿ. ಬೇಡದ ಸಾಲನ್ನು ಅಳಿಸಿ. ಹೆಸರಿನ ವಾರ್ಷಿಕ ಹಣ ಕಟ್ಟಲು ಮರೆಯಬೇಡಿ. ಮುಖ್ಯವಾದದ್ದರ ಒಂದು ಪ್ರತಿ ಮನೆಯಲ್ಲಿರಲಿ. ಸಿನೇಮ್ ದಾರಿ ತೋರಿಸೀತು, ಕಳೆದುಹೋದದ್ದನ್ನು ತಂದುಕೊಡದು.

ಊಟ ಮುಗಿಯುವಷ್ಟರಲ್ಲಿ ಮುಂಬಯಿಯಿಂದ ಮತ್ತೆ ಫೋನು ಬಂತು. ನಾದಿನಿ ಮಾತಾಡಲಿಲ್ಲ. ಆಚೆಯಿಂದ ಚೆಂಡೆಯ ಸದ್ದು, ಅದರ ಹಿಂದೆ ನಮ್ಮ ಯಜಮಾನರ ಸ್ವರ. ನಾನೂ ಸುಮ್ಮನೆ ಕೇಳುತ್ತ ಕೂತೆ.