ಮನೆಶಾಲೆಗೆ ಯಾವ ವ್ಯಾಕರಣ?

ಐದು ವರ್ಷದ ಕನ್ನಡದ ಮಗುವಿಗೆ ಒಬ್ಬ ಹುಡುಗನ ಚಿತ್ರ ತೋರಿಸಿ, ಇವನ ಹೆಸರು 'ಟಿಮ' ಎನ್ನಿ. ಈ ಚೆಂಡನ್ನು ಯಾರಿಗೆ ಕೊಡೋಣ ಎಂದು ಕೇಳಿದರೆ 'ಟಿಮನಿಗೆ' ಎಂದೋ 'ಟಿಮಂಗೆ' ಎಂದೋ ಉತ್ತರ ಬರುತ್ತದೆ. ಇನ್ನೊಂದು ದಿನ ಒಂದು ಮರದ ಚಿತ್ರ ತೋರಿಸಿ, ಈ ಮರದ ಹೆಸರೂ 'ಟಿಮ' ಎನ್ನಿ. ನೀರು ಯಾವುದಕ್ಕೆ ಹಾಕೋಣ? 'ಟಿಮಕ್ಕೆ'. ಹೆಸರು ಒಂದೇ, ಆದರೆ ಮನುಷ್ಯನಾದರೆ ಒಂದು ಪ್ರತ್ಯಯ, ಮರವಾದರೆ ಇನ್ನೊಂದು. ಈ ಪದ ಯಾವ ನಿಘಂಟಿನಲ್ಲೂ ಇಲ್ಲ, ಮಗು ಅದನ್ನು ಕೇಳಿ ಕಲಿತಿರಲು ಸಾಧ್ಯವೇ ಇಲ್ಲ. ಲಿಂಗ, ವಿಭಕ್ತಿ ಎಂಬ ಶಬ್ದಗಳನ್ನೇ ಅರಿಯದ ಮಗು ಲಿಂಗ ನೋಡಿ ವಿಭಕ್ತಿ ಹಚ್ಚುತ್ತಿದೆ.

ಜೀನ್ ಬರ್ಕೊ ಎಂಬ ಅಮೆರಿಕದ ಸಂಶೋಧಕಿ 1958ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ ಬಗೆಯದು. ಹಕ್ಕಿಯಂಥ ಒಂದು ಪ್ರಾಣಿಯನ್ನು ಬರೆದು, ಅದಕ್ಕೆ 'ವಗ್' ಎಂದು ಹೆಸರಿಟ್ಟು, ಎರಡಿದ್ದರೆ ಏನೆನ್ನುತ್ತೀರಿ ಎಂದು ನಾಲ್ಕರಿಂದ ಏಳು ವರ್ಷದ ಮಕ್ಕಳನ್ನು ಅವರು ಕೇಳಿದರು. ಬಹುಪಾಲು ಮಕ್ಕಳು ಸರಿಯಾದ ಬಹುವಚನವನ್ನೇ ಹೇಳಿದರು. ಮಕ್ಕಳು ಪದಗಳನ್ನು ಗಿಳಿಪಾಠ ಮಾಡುವುದಿಲ್ಲ, ನಿಯಮಗಳನ್ನು ಹಿಡಿದಿಟ್ಟುಕೊಂಡಿರುತ್ತಾರೆ ಎಂಬುದಕ್ಕೆ ಆ ಪ್ರಯೋಗ ಇಂದಿಗೂ ಮೊದಲ ಸಾಕ್ಷಿ. 'ಕೊಟ್ಟೆ' ಎನ್ನಬೇಕಾದಲ್ಲಿ ಮಗು 'ಕೊಡಿದೆ' ಎಂದರೆ ಅದೂ ನಿಯಮದ ಫಲವೇ. ಮಾಡು–ಮಾಡಿದೆ, ಆಡು–ಆಡಿದೆ ಎಂಬ ಸಾಲಿಗೆ ಅದು ಕೊಡು ಎಂಬುದನ್ನೂ ಸೇರಿಸಿಬಿಟ್ಟಿದೆ.

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ತಂದೆತಾಯಿ ವ್ಯಾಕರಣದ ಪಠ್ಯಕ್ರಮ ಹುಡುಕುವಾಗ ಈ ಸಂಗತಿಯನ್ನು ಎದುರಿಗಿಟ್ಟುಕೊಳ್ಳಬೇಕು. ಹೋಂಸ್ಕೂಲಿಂಗ್ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 2016ರಲ್ಲೇ ಸುಮಾರು 17 ಲಕ್ಷ ಮಕ್ಕಳು ಮನೆಯಲ್ಲಿ ಕಲಿಯುತ್ತಿದ್ದರು. ಅವರಿಗಾಗಿ ಪುಸ್ತಕಗಳ ಒಂದು ಮಾರುಕಟ್ಟೆಯೇ ಇದೆ, ನಮ್ಮಲ್ಲಿ ಮನೆಶಾಲೆ ನಡೆಸುವವರೂ ಅನೇಕರು ಅಲ್ಲಿಂದಲೇ ತರಿಸಿಕೊಳ್ಳುತ್ತಾರೆ. ಜೆಸ್ಸಿ ವೈಸ್ ಬರೆದ 'ಫಸ್ಟ್ ಲ್ಯಾಂಗ್ವೇಜ್ ಲೆಸನ್ಸ್' ಒಂದನೇ ತರಗತಿಯಿಂದಲೇ ನಾಮಪದದ ಲಕ್ಷಣವನ್ನು ಬಾಯಿಪಾಠ ಮಾಡಿಸುತ್ತದೆ. 'ಶರ್ಲಿ ಇಂಗ್ಲಿಷ್' ಅದನ್ನೇ ಪ್ರಾಸದ ಹಾಡು ಮಾಡಿ ಹಾಡಿಸುತ್ತದೆ. ಮೆನೊನೈಟ್ ಪಂಥದವರ 'ರಾಡ್ ಅಂಡ್ ಸ್ಟಾಫ್' ಪುಸ್ತಕಗಳಲ್ಲಿ ಅಭ್ಯಾಸದ ಪ್ರಶ್ನೆಗಳಿಗೆ ಬರವೇ ಇಲ್ಲ. ಕೆಲವು ಪಠ್ಯಕ್ರಮಗಳು ವಾಕ್ಯವನ್ನು ಗೆರೆಗಳ ಮೇಲೆ ಬಿಡಿಸಿ ತೋರಿಸುವ ಚಿತ್ರವಿಧಾನವನ್ನು ಹೇಳಿಕೊಡುತ್ತವೆ. ಅದು ರೀಡ್ ಮತ್ತು ಕೆಲಾಗ್ ಎಂಬಿಬ್ಬರು ಮೇಷ್ಟರು 1877ರ ಪುಸ್ತಕದಲ್ಲಿ ಬಳಕೆಗೆ ತಂದ ಪದ್ಧತಿ. ಇವೆಲ್ಲಕ್ಕೂ ದೂರ ನಿಂತವರು ಬ್ರಿಟನ್ನಿನ ಷಾರ್ಲಟ್ ಮೇಸನ್ (1842–1923) ಅವರ ಹಾದಿಯವರು. ಒಳ್ಳೆಯ ಗದ್ಯವನ್ನು ನಕಲು ಮಾಡುವುದು, ಉಕ್ತಲೇಖನ ಬರೆಯುವುದು, ಓದಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದು ಮೊದಲು, ವ್ಯಾಕರಣಕ್ಕೆ ಅವಸರವಿಲ್ಲ ಎನ್ನುವವರು ಇವರು.

ಇವುಗಳಲ್ಲಿ ಯಾವುದು ಸರಿ ಎನ್ನುವುದಕ್ಕೆ ಮುಂಚೆ, ವ್ಯಾಕರಣ ಪಾಠದಿಂದ ಬರವಣಿಗೆ ಸುಧಾರಿಸುತ್ತದೆಯೇ ಎಂಬುದನ್ನು ನೋಡಬೇಕು. ಇದನ್ನು ಅಳೆಯುವ ಕೆಲಸ ಅರವತ್ತು ವರ್ಷಗಳಿಗೂ ಮಿಕ್ಕಿ ನಡೆದಿದೆ, ಉತ್ತರ ವ್ಯಾಕರಣಪ್ರಿಯರಿಗೆ ಹಿತವಾದದ್ದಲ್ಲ. 1963ರಲ್ಲಿ ಬ್ರಾಡಕ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಸೋಸಿ, ಬಿಡಿಯಾಗಿ ಕಲಿಸುವ ವ್ಯಾಕರಣದಿಂದ ಬರವಣಿಗೆಗೆ ಲಾಭ ನಗಣ್ಯ, ಬರೆಯುವ ಹೊತ್ತನ್ನು ಅದು ಕಸಿಯುವುದರಿಂದ ನಷ್ಟವೂ ಆಗಬಹುದು ಎಂದರು. ನ್ಯೂಜಿಲೆಂಡಿನಲ್ಲಿ ಎಲೀ ಮತ್ತಿತರರು ಒಂದೇ ಪ್ರೌಢಶಾಲೆಯ 248 ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿದರು. ಕೆಲವರಿಗೆ ಹಳೆಯ ಬಗೆಯ ವ್ಯಾಕರಣ, ಕೆಲವರಿಗೆ ಆಗ ಹೊಸದಾಗಿದ್ದ, ಭಾಷಾವಿಜ್ಞಾನಿ ಚಾಮ್ಸ್ಕಿಯ ಮಾದರಿಯ ವ್ಯಾಕರಣ, ಉಳಿದವರಿಗೆ ವ್ಯಾಕರಣವೇ ಇಲ್ಲ, ಅಷ್ಟು ಹೊತ್ತೂ ಓದು ಬರಹ. 1976ರಲ್ಲಿ ಫಲಿತಾಂಶ ಪ್ರಕಟವಾದಾಗ ಮೂರೂ ಗುಂಪಿನ ಬರವಣಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮೂರು ವರ್ಷ ಕರ್ತೃ, ಕರ್ಮ, ಕ್ರಿಯಾಪದ ಎಂದು ಗೆರೆ ಎಳೆದವರೂ ಎಳೆಯದವರೂ ಒಂದೇ ಕಡೆ ಬಂದು ನಿಂತಿದ್ದರು.

2007ರಲ್ಲಿ ಗ್ರಹಾಂ ಮತ್ತು ಪೆರಿನ್ ಹಲವು ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ನಾಲ್ಕರಿಂದ ಹನ್ನೆರಡನೇ ತರಗತಿಯ ಮಕ್ಕಳಲ್ಲಿ ಬಿಡಿ ವ್ಯಾಕರಣದ ಪರಿಣಾಮ ಸೊನ್ನೆಗಿಂತ ಕೆಳಗಿತ್ತು (ಮೈನಸ್ 0.32). ಅದೇ ಲೆಕ್ಕಾಚಾರದಲ್ಲಿ 'ವಾಕ್ಯ ಜೋಡಣೆ' ಎಂಬ ಸರಳ ಅಭ್ಯಾಸದ ಪರಿಣಾಮ 0.50 ಇತ್ತು.

ಏನಿದು ವಾಕ್ಯ ಜೋಡಣೆ? ಮಗುವಿಗೆ ಚಿಕ್ಕ ಚಿಕ್ಕ ವಾಕ್ಯ ಕೊಟ್ಟು ಕೂಡಿಸಲು ಹೇಳುವುದು, ಅಷ್ಟೇ. ಕನ್ನಡದಲ್ಲಿ ಇದಕ್ಕೆ ಸಿಗುವ ಅವಕಾಶ ಬಹಳ ದೊಡ್ಡದು. 'ಮಳೆ ಬಂತು. ನಾವು ಒಳಗೆ ಓಡಿದೆವು. ಬಟ್ಟೆ ಹೊರಗೇ ಉಳಿಯಿತು.' ಇದನ್ನು 'ಮಳೆ ಬಂದಾಗ ನಾವು ಒಳಗೆ ಓಡಿದೆವು, ಬಟ್ಟೆ ಮಾತ್ರ ಹೊರಗೇ ಉಳಿಯಿತು' ಎನ್ನಬಹುದು. 'ಮಳೆ ಬಂತೆಂದು ಒಳಗೆ ಓಡಿದ ನಾವು ಬಟ್ಟೆಯನ್ನು ಹೊರಗೇ ಬಿಟ್ಟಿದ್ದೆವು' ಎಂದೂ ಬರೆಯಬಹುದು. ಬಂದು, ಬಂದ, ಬಂದರೆ, ಬಂದರೂ, ಬರುವಾಗ, ಬಾರದೆ ಎಂದು ಒಂದೇ ಕ್ರಿಯೆ ಹತ್ತು ರೂಪ ತಳೆದು ಮುಂದಿನ ಮಾತಿಗೆ ಕೊಂಡಿಯಾಗುವುದು ಕನ್ನಡದ ವಾಕ್ಯರಚನೆಯ ಜೀವಾಳ. ಇಲ್ಲಿ ಮಗು ಕೃದಂತ ಎಂಬ ಹೆಸರು ಕಲಿಯುವುದಿಲ್ಲ, ಕೃದಂತವನ್ನು ಬಳಸಲು ಕಲಿಯುತ್ತದೆ. ಕನ್ನಡದಲ್ಲಿ ಮಕ್ಕಳಿಗೆಂದು ಇಂಥ ಅಭ್ಯಾಸಗಳದ್ದೇ ಒಂದು ಒಳ್ಳೆಯ ಪುಸ್ತಕ ಬರಬೇಕು. ಸಂಧಿ ಸಮಾಸಗಳ ಕೈಪಿಡಿಗಳಿಗಂತೂ ನಮ್ಮಲ್ಲಿ ಕೊರತೆಯಿಲ್ಲ.

ಹಾಗಾದರೆ ಬಿಡಿ ವ್ಯಾಕರಣದ ಪುಸ್ತಕಗಳು ಮನೆಶಾಲೆಗಳಲ್ಲಿ ಇಷ್ಟು ಖರ್ಚಾಗುವುದೇಕೆ? ನನಗೆ ಕಾಣುವ ಕಾರಣ ಇದು: ದಿನಕ್ಕೊಂದು ಪುಟ ಮುಗಿಯುತ್ತದೆ, ಹಿಂದೆ ಉತ್ತರಗಳಿರುತ್ತವೆ, ಟಿಕ್ ಹಾಕಬಹುದು. ಮಗು ಬರೆದ ಒಂದು ಪುಟ ಪ್ರಬಂಧ ಓದಿ, ಎಲ್ಲಿ ಕುಂಟುತ್ತಿದೆ ಎಂದು ಹೇಳುವುದಕ್ಕೆ ತಾಯಿಯೋ ತಂದೆಯೋ ಅರ್ಧ ಗಂಟೆ ತಲೆ ಕೆಡಿಸಿಕೊಳ್ಳಬೇಕು. ಕೆಲಸ ನಡೆದಿದೆ ಎಂಬ ಸಮಾಧಾನ ಮೊದಲನೆಯದರಲ್ಲಿ ಬೇಗ ಸಿಗುತ್ತದೆ.

ತಪ್ಪನ್ನು ತಿದ್ದಿದರೆ ತಕ್ಷಣ ಸರಿಹೋಗುತ್ತದೆ ಎಂಬ ನಂಬಿಕೆಯೂ ಇದರ ಹಿಂದಿದೆ. 1966ರಲ್ಲಿ ಡೇವಿಡ್ ಮೆಕ್‌ನೀಲ್ ದಾಖಲಿಸಿದ ಒಂದು ಸಂಭಾಷಣೆಯಲ್ಲಿ ತಾಯಿ ಮಗುವಿನ ಒಂದೇ ತಪ್ಪು ವಾಕ್ಯವನ್ನು ಮತ್ತೆ ಮತ್ತೆ ತಿದ್ದುತ್ತಾಳೆ. ಮಗು ಪ್ರತಿ ಸಲ ಅದೇ ತಪ್ಪನ್ನು ಹೇಳುತ್ತದೆ. ಕೊನೆಗೆ ಏನೋ ಹೊಳೆದಂತೆ ಒಂದು ಅಕ್ಷರ ಬದಲಿಸುತ್ತದೆ, ಮೂಲ ತಪ್ಪು ಹಾಗೇ ಉಳಿಯುತ್ತದೆ. ಮಗುವಿನ ಒಳಗಿನ ವ್ಯಾಕರಣ ತನ್ನದೇ ಅನುಕ್ರಮದಲ್ಲಿ ಬೆಳೆಯುತ್ತದೆ.

ಆ ಅನುಕ್ರಮದ ಬಗ್ಗೆ ಕನ್ನಡದ ಮಕ್ಕಳೇ ಜಗತ್ತಿಗೆ ಒಂದು ಪಾಠ ಹೇಳಿದ್ದಾರೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಅವರು ಕನ್ನಡವನ್ನು ಆರಿಸಿಕೊಂಡದ್ದು 'ಇಸು' ಪ್ರತ್ಯಯಕ್ಕಾಗಿ. ಏರು–ಏರಿಸು, ಕುಣಿ–ಕುಣಿಸು: ಇಂಥ ಕ್ರಿಯಾಪದಕ್ಕೆ 'ಇಸು' ಹತ್ತಿತೆಂದರೆ ಒಬ್ಬರು ಇನ್ನೊಬ್ಬರಿಂದ ಮಾಡಿಸುತ್ತಿದ್ದಾರೆ ಎಂದೇ ಅರ್ಥ. ಇಷ್ಟು ನಂಬಿಕಸ್ತ ಗುರುತು ಇಂಗ್ಲಿಷಿನಲ್ಲಿಲ್ಲ. ಮೂರು ವರ್ಷದ ಮಕ್ಕಳಿಗೆ ಆಟಿಕೆ ಪ್ರಾಣಿಗಳನ್ನು ಕೊಟ್ಟು, ತಾವು ಹೇಳಿದ ವಾಕ್ಯವನ್ನು ಆಡಿ ತೋರಿಸಲು ಹೇಳಿದರು. ಕೆಲವು ವಾಕ್ಯಗಳಲ್ಲಿ ಬೇಕೆಂದೇ ಗಡಿಬಿಡಿ ಇತ್ತು, 'ಮೊಸಳೆ ಕುದುರೆಯನ್ನು ಏರುತ್ತದೆ' ಎಂಬಂತೆಯೋ, ಒಂದೇ ಪ್ರಾಣಿಯನ್ನು ಹೇಳಿ 'ಏರಿಸುತ್ತದೆ' ಎಂದಂತೆಯೋ. ದೊಡ್ಡವರು ಪ್ರತ್ಯಯಕ್ಕೆ ಬೆಲೆ ಕೊಟ್ಟರು. ಮಕ್ಕಳು ಅದನ್ನು ಗಣನೆಗೇ ತೆಗೆದುಕೊಳ್ಳದೆ ವಾಕ್ಯದಲ್ಲಿ ಎಷ್ಟು ಪ್ರಾಣಿಗಳಿವೆ ಎಂದಷ್ಟೇ ನೋಡಿದರು. ಎರಡಿದ್ದರೆ ಒಂದು ಇನ್ನೊಂದರಿಂದ ಮಾಡಿಸುತ್ತಿದೆ, ಒಂದೇ ಇದ್ದರೆ ತಾನೇ ಮಾಡುತ್ತಿದೆ. ಇದು ಹುಟ್ಟಿನಿಂದ ಬಂದ ಸಿದ್ಧತೆ ಎಂದು ಸಂಶೋಧಕರು ವಾದಿಸಿದರು, ಆ ವಾದವನ್ನು ಒಪ್ಪದವರೂ ಇದ್ದಾರೆ. ನಮ್ಮ ಪ್ರಶ್ನೆಗೆ ಬೇಕಾದದ್ದು ಇಷ್ಟು: ಮಗು ಮೊದಲು ಹಿಡಿಯುವುದು ವಾಕ್ಯದ ಚೌಕಟ್ಟನ್ನು, ಪ್ರತ್ಯಯದ ಸೂಕ್ಷ್ಮ ಆಮೇಲೆ. ವರ್ಣಮಾಲೆ, ಸಂಧಿ, ನಾಮಪದ, ವಿಭಕ್ತಿ ಎಂದು ಬಿಡಿ ಭಾಗದಿಂದ ಇಡಿಯ ಕಡೆಗೆ ಹೋಗುವ ನಮ್ಮ ವ್ಯಾಕರಣ ಪುಸ್ತಕಗಳ ಕ್ರಮ ಪಂಡಿತರಿಗೆ ಅನುಕೂಲವಾದದ್ದು, ಮಕ್ಕಳಿಗಲ್ಲ.

ಇಲ್ಲಿಯವರೆಗೆ ಹೇಳಿದ್ದು ಮನೆಮಾತಿನ ವಿಚಾರ. ಇಂಗ್ಲಿಷ್ ಎರಡನೇ ಭಾಷೆಯಾದ ಮನೆಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ, ಕರ್ನಾಟಕದ ತಂದೆತಾಯಿ ಎಡವುವುದು ಹೆಚ್ಚಾಗಿ ಇಲ್ಲೇ. ಆಮೇಲೆ ಕಲಿಯುವ ಭಾಷೆಯಲ್ಲಿ ನಿಯಮವನ್ನು ನೇರವಾಗಿ ವಿವರಿಸಿ ಹೇಳುವುದರಿಂದ ಖಂಡಿತ ಲಾಭವಿದೆ ಎಂದು ನಾರಿಸ್ ಮತ್ತು ಒರ್ಟೆಗಾ 2000ದಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೋರಿಸಿದರು. ಹಾಗಿದ್ದರೆ ಅಮೆರಿಕದ ದಪ್ಪ ಪುಸ್ತಕ ತರಿಸಿದರೆ ಆಯಿತಲ್ಲ ಎನ್ನಬೇಡಿ. ಆ ಪುಸ್ತಕ ಬರೆದದ್ದು ಇಂಗ್ಲಿಷ್ ಆಡುತ್ತಲೇ ಬೆಳೆದ ಮಗುವಿಗೆ. 'ಎ', 'ದಿ' ಎಲ್ಲಿ ಬರಬೇಕು, ಎಲ್ಲಿ ಬಾರದು ಎಂಬುದು ಆ ಮಗುವಿಗೆ ಗೊತ್ತೇ ಇದೆ. ಹಾಗಾಗಿ ಪುಸ್ತಕ ಅವಕ್ಕೆ ಆರ್ಟಿಕಲ್ ಎಂದು ಹೆಸರು ಹೇಳಿ ಮುಂದೆ ಹೋಗುತ್ತದೆ. ಕನ್ನಡದಲ್ಲಿ ಅಂಥ ಪದಗಳೇ ಇಲ್ಲ, ನಮ್ಮ ಮಗುವಿಗೆ ವರ್ಷಗಟ್ಟಲೆ ಬೇಕಾಗುವ ಪಾಠವೇ ಅದು. ಪ್ರಶ್ನೆ ಕೇಳುವಾಗ ಸಹಾಯಕ ಕ್ರಿಯಾಪದ ಮುಂದಕ್ಕೆ ಬರುವುದು, 'ಶೀ ಗೋಸ್' ಎಂಬಲ್ಲಿನ ಕೊನೆಯ ಸಕಾರ, 'ಇನ್–ಆನ್–ಅಟ್'ಗಳ ಗೊಂದಲ, ಇವೂ ಹಾಗೆಯೇ. ಬದಲಿಗೆ ಆ ಪುಸ್ತಕಗಳು ಪುಟಗಟ್ಟಲೆ ವ್ಯಯಿಸುವುದು 'ಲೈ' ಮತ್ತು 'ಲೇ', 'ಹೂ' ಮತ್ತು 'ಹೂಮ್'ಗಳ ವ್ಯತ್ಯಾಸಕ್ಕೆ, ಅಂದರೆ ಅಮೆರಿಕದ ಮಕ್ಕಳು ಮಾಡುವ ತಪ್ಪುಗಳಿಗೆ. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವವರಿಗೆಂದೇ ಬರೆದ ಪುಸ್ತಕ ನಮ್ಮ ಮಗುವಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ವಿದೇಶದಲ್ಲಿರುವ ಕನ್ನಡದ ಮನೆಗಳಲ್ಲಿ ಇದೇ ಮಾತು ಕನ್ನಡಕ್ಕೆ ಅನ್ವಯಿಸುತ್ತದೆ. ಅಲ್ಲಿನ ಮಗುವಿಗೆ ಅಜ್ಜ ಬಂದರು, ಬೆಕ್ಕು ಬಂತು, ತಂಗಿ ಬಂದಳು ಎಂಬುದನ್ನೂ ಕೂರಿಸಿ ಹೇಳಿಕೊಡಬೇಕಾಗಬಹುದು. ಹಾಸನದ ಮಗುವಿಗೆ ಅದು ಬೇಡ. ಹಾಸನದ ಮಗುವಿಗೆ ಬೇಕಾದದ್ದು ಆಡುಮಾತಿನಿಂದ ಬರಹಕ್ಕೆ ದಾಟುವ ದಾರಿ: 'ಮನೇಲಿ' ಎಂದು ಆಡುವುದು 'ಮನೆಯಲ್ಲಿ' ಎಂದಾಗುವುದು, 'ಹೋಗ್ತೀನಿ' ಎಂಬುದು 'ಹೋಗುತ್ತೇನೆ' ಆಗುವುದು. ಇದಕ್ಕೆ ನಮ್ಮ ಶಾಲಾ ವ್ಯಾಕರಣ ಕೊಡುವ ಜಾಗ ಕಡಿಮೆ. ಅದರ ಬದಲು ಏಳು ವಿಭಕ್ತಿಗಳ ಪಟ್ಟಿ ಬರುತ್ತದೆ. 'ಕತ್ತಿಯಿಂದ ಕೊಯ್ದ', 'ಮರದಿಂದ ಬಿದ್ದ' ಎರಡರಲ್ಲೂ ಇರುವುದು 'ಇಂದ' ಒಂದೇ. ಆದರೂ ಐದನೆಯ ಮನೆ ತುಂಬಲು 'ದೆಸೆಯಿಂದ' ಎಂದು ಅಚ್ಚು ಹಾಕುತ್ತೇವೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಕೂರಿಸುವ ಈ ರೂಢಿಯನ್ನು ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಪುಸ್ತಕದಲ್ಲಿ ಪ್ರಶ್ನಿಸಿದರು. ಅವರ ಎಲ್ಲ ತೀರ್ಮಾನಗಳನ್ನೂ ಒಪ್ಪಬೇಕಿಲ್ಲ, ಮನೆಯಲ್ಲಿ ಕನ್ನಡ ಕಲಿಸುವವರು ಓದಲೇಬೇಕಾದ ಪುಸ್ತಕ ಮಾತ್ರ ಹೌದು.

ವ್ಯಾಕರಣವನ್ನು ಪೂರಾ ಕೈಬಿಡಿ ಎಂದು ಈ ಸಂಶೋಧನೆಗಳು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಡೆಬ್ರಾ ಮೈಹಿಲ್ ಮತ್ತು ಸಂಗಡಿಗರು ಹನ್ನೆರಡು–ಹದಿಮೂರು ವರ್ಷದವರಿಗೆ, ಅವರು ಬರೆಯುತ್ತಿರುವ ಬರಹದೊಳಗೇ ವ್ಯಾಕರಣ ಸೇರಿಸಿ ಕಲಿಸಿದಾಗ ಬರವಣಿಗೆ ಸುಧಾರಿಸಿತು, ಅದೂ ಮೊದಲೇ ಚೆನ್ನಾಗಿ ಬರೆಯುತ್ತಿದ್ದವರಲ್ಲಿ ಹೆಚ್ಚಾಗಿ. ಆ ವಯಸ್ಸಿಗೆ ಭಾಷೆಯನ್ನು ಹೊರಗಿನಿಂದ ನಿಂತು ನೋಡುವ ಶಕ್ತಿ ಬಂದಿರುತ್ತದೆ. ಹಳೆಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಏನು ಮಾಡಿದ ಎಂದು ಹದಿಮೂರರ ಹುಡುಗಿಗೆ ಕುತೂಹಲ ಹುಟ್ಟಿದರೆ ವ್ಯಾಕರಣ ಗಣಿತದಷ್ಟೇ ಸೊಗಸಾದ ವಿಷಯವಾಗುತ್ತದೆ.

ಪುಸ್ತಕ ಕೊಳ್ಳುವ ಮುನ್ನ ಮಗುವಿನಿಂದ ಕನ್ನಡದಲ್ಲಿ ಒಂದು ಪುಟ, ಇಂಗ್ಲಿಷಿನಲ್ಲಿ ಒಂದು ಪುಟ ಬರೆಸಿ, ತಪ್ಪುಗಳನ್ನು ಪಟ್ಟಿ ಮಾಡಿ. ಕೊಳ್ಳಬೇಕೆಂದಿರುವ ಪುಸ್ತಕದ ಪರಿವಿಡಿಯನ್ನು ಆ ಪಟ್ಟಿಯ ಪಕ್ಕ ಇಟ್ಟು ನೋಡಿ, ಅರ್ಧದಷ್ಟೂ ಹೊಂದದಿದ್ದರೆ ಬಿಟ್ಟುಬಿಡಿ. ಪರೀಕ್ಷೆಯ ಚಿಂತೆ ಇರುವವರಿಗೆ ಒಂದು ಮಾತು: ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೇ ತರಗತಿಗೆ ಸೇರಲು ಮಗುವಿಗೆ ಹದಿನಾಲ್ಕು ತುಂಬಿರಬೇಕು. ತತ್ಪುರುಷ, ಬಹುವ್ರೀಹಿಗಳನ್ನು ಆ ಒಂದು ವರ್ಷದಲ್ಲಿ ಕಲಿತರೂ ಸಾಕು.